ಕ್ರೋಧದ ಮುನ್ಸೂಚನೆ

ಚನ್ನಗಿರಿಯ ಅಡಕೆ ತೋಟಗಳಿಂದಲೂ, ತುಂಗಭದ್ರೆಯ ದಡದ ಹೊನ್ನಾಳಿಯಿಂದಲೂ, ನ್ಯಾಮತಿಯ ಗುಡ್ಡದ ಮಗ್ಗುಲ ಹಳ್ಳಿಗಳಿಂದಲೂ, ಮಳೆಗಾಗಿ ಮುಗಿಲು ನೋಡುವ ಜಗಳೂರು ಸೀಮೆಯಿಂದಲೂ ಬಂದು ನೆರೆದಿರುವ ಶರಣ ಬಂಧುಗಳೇ, ತಾಯಂದಿರೇ,

ಅರಿಷಡ್ವರ್ಗಗಳಲ್ಲಿ ಎರಡನೆಯದಾದ ಕ್ರೋಧವನ್ನು ಕುರಿತು ಮಾತನಾಡುವವರು ಅದನ್ನು ಮನುಷ್ಯನೊಳಗೆ ಅಡಗಿರುವ ಮೃಗವೆಂದು ವರ್ಣಿಸಿ, ಆ ಮೃಗವನ್ನು ಗೆದ್ದವನೇ ನಿಜವಾದ ಮನುಷ್ಯನೆಂದು ಮುಗಿಸುವ ವಾಡಿಕೆಯುಂಟು. ಆದರೆ ದನ ಕಟ್ಟಿ, ನಾಯಿ ಸಾಕಿ ಬಾಳಿದ ನಿಮ್ಮಂಥವರಿಗೆ ಈ ಮಾತಿನಲ್ಲಿ ಪ್ರಾಣಿಗೆ ಅನ್ಯಾಯವಾಗಿದೆಯೆಂಬುದು ತಿಳಿಯದ ಸಂಗತಿಯೇನಲ್ಲ. ಪ್ರಾಣಿಯು ಹಾಯುವುದಕ್ಕೂ ಕಚ್ಚುವುದಕ್ಕೂ ಮೊದಲು ತನ್ನ ಭಯವನ್ನು ಬಹುಮಟ್ಟಿಗೆ ದೇಹದಿಂದಲೇ ಸಾರಿ ಹೇಳುತ್ತದೆ. ಮನುಷ್ಯನಾದರೋ ತನ್ನ ಭಯವನ್ನು ಮಾನದ ಹೆಸರಿನಲ್ಲಿ ಮುಚ್ಚಿಟ್ಟು, ಕೈ ಎತ್ತುವ ಕ್ಷಣದವರೆಗೂ ಪರರಿಗಿರಲಿ, ತನಗೇ ಅದನ್ನು ತಿಳಿಯಗೊಡುವುದಿಲ್ಲ.

ದೀಪಾವಳಿ ಕಳೆದ ಮೇಲೆ ಹೊನ್ನಾಳಿ, ನ್ಯಾಮತಿಗಳ ಕಡೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯನ್ನು ಕಾಣದವರು ನಿಮ್ಮಲ್ಲಿ ವಿರಳ. ವರ್ಷವಿಡೀ ಹುರುಳಿ ಹಿಂಡಿಗಳನ್ನು ತಿಂದು, ಮನೆಯ ಮಕ್ಕಳು ಕೊರಳು ತುರಿಸಿದರೆ ಕಣ್ಣು ಮುಚ್ಚಿ ನಿಲ್ಲುವ ಅದೇ ಹೋರಿಯು, ಕೊಬ್ಬರಿಯ ಹಾರ ಹೊತ್ತು, ಇಕ್ಕೆಲಗಳಲ್ಲಿ ನಿಂತ ಜನಸ್ತೋಮದ ಕೇಕೆ ಶಿಳ್ಳೆಗಳ ನಡುವೆ ಬಿಡಲ್ಪಟ್ಟೊಡನೆ ಕಾಲಯಮನಂತೆ ನುಗ್ಗುವುದಕ್ಕೆ ಕಾರಣವೇನು? ಅದರ ಸ್ವಭಾವವು ಒಂದು ಗಳಿಗೆಯಲ್ಲಿ ಬದಲಾಗಲಿಲ್ಲ. ತಪ್ಪಿಸಿಕೊಳ್ಳುವ ದಾರಿಯೊಂದೇ ಉಳಿದು, ಆ ದಾರಿಯಲ್ಲಿಯೂ ಹಾರಕ್ಕಾಗಿ ಚಾಚಿದ ಕೈಗಳು ತುಂಬಿದಾಗ, ಅದರ ಭೀತಿಯೇ ಬಲವಾಗಿ ಪರಿಣಮಿಸಿತು. ತಿವಿತಕ್ಕೆ ಸಿಕ್ಕಿ ಪ್ರಾಣ ತೆತ್ತ ತರುಣರ ಮನೆಗಳಲ್ಲಿ ಹಬ್ಬದ ದೀಪ ಆರಿದ್ದನ್ನು ಬಲ್ಲವನಾದ ನಾನು, ಆ ಸಾವಿನ ಹೊಣೆಯನ್ನು ಹೋರಿಯ ಮೇಲೆ ಹೊರಿಸಲಾರೆ.

ಜಗಳೂರಿನ ಕಡೆಯ ಕುರಿಗಾಹಿಗಳು ಈ ವಿಷಯದಲ್ಲಿ ನಮಗೆಲ್ಲ ಗುರುಸ್ಥಾನದಲ್ಲಿದ್ದಾರೆ. ಕಣ್ಣು ತೆರೆದ ಕೆಲವೇ ವಾರಗಳ ಮರಿಯನ್ನು ಕುರಿಗಳ ನಡುವೆಯೇ ಬಿಟ್ಟು ಬೆಳೆಸಿದ ನಾಯಿಯು ತೋಳಕ್ಕೆ ಎದುರಾಗಿ ನಿಲ್ಲುವುದೇ ಹೊರತು ಕುರಿಮರಿಯ ಮೇಲೆ ಹಲ್ಲೂರುವುದಿಲ್ಲ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯು ಯಾರನ್ನು ಕಂಡು, ಯಾರ ಸ್ಪರ್ಶದಿಂದ ಸುಖಪಟ್ಟು ಬೆಳೆಯುವುದೋ ಅವರನ್ನು ಮುಂದೆ ತನ್ನವರೆಂದೇ ಬಗೆಯುವುದೆಂಬುದನ್ನು ಪಶುವೈದ್ಯಶಾಸ್ತ್ರವೂ ಒಪ್ಪುತ್ತದೆ. ಇದಕ್ಕೆ ಪ್ರತಿಯಾಗಿ, ತೋಟದ ಕಾವಲಿಗೆಂದು ತಂದ ಮರಿಯನ್ನು ಹಗಲಿರುಳೂ ಮೊಳದುದ್ದದ ಸರಪಳಿಯಲ್ಲಿ ಕಟ್ಟಿ, ಅನ್ಯರ ಮುಖವನ್ನೇ ತೋರಿಸದೆ, ಬಡಿದು ರೊಚ್ಚಿಗೆಬ್ಬಿಸಿ, ಅದು ಉಗ್ರವಾದಷ್ಟೂ ಹೆಮ್ಮೆ ಪಡುವ ಯಜಮಾನನು ತನ್ನ ಅಂಗಳದಲ್ಲಿ ರಕ್ಷಕನನ್ನಲ್ಲ, ಅಪಾಯವನ್ನು ಸಾಕುತ್ತಿದ್ದಾನೆ.

ನಾಯಿ ಗುರುಗುಟ್ಟಿದರೆ ನಾವು ಕೋಲೆತ್ತುತ್ತೇವೆ. ಇದು ದೊಡ್ಡ ಅವಿವೇಕ. ಆ ಸದ್ದು ಎಚ್ಚರಿಕೆ. ಬಾಲವನ್ನು ಕಾಲ ನಡುವೆ ಮುದುರುವುದು, ಕಿವಿಯನ್ನು ಹಿಂದಕ್ಕೊತ್ತುವುದು, ಮೈಯನ್ನು ಬಿಗಿದು ನಿಲ್ಲುವುದು, ಇವೂ ಎಚ್ಚರಿಕೆಗಳೇ. ಬಡಿತದಿಂದ ಗುರುಗುಟ್ಟುವುದನ್ನು ಮರೆಸಬಹುದು, ಭಯವನ್ನು ಮರೆಸಲಾಗದು. ಹಾಗೆ ಬಾಯಿ ಕಟ್ಟಿಸಿಕೊಂಡ ನಾಯಿಯೇ ಮುಂದೊಂದು ದಿನ ಸುಳಿವಿಲ್ಲದೆ ಕಚ್ಚುವುದು. ಉಣ್ಣುವ ನಾಯಿಯನ್ನೂ, ಮರಿ ಹಾಕಿದ ತಾಯಿಯನ್ನೂ, ಗಾಯಗೊಂಡುದನ್ನೂ ಕೆಣಕದಿರಿ. ಎದುರಾದ ನಾಯಿಯ ಕಣ್ಣಲ್ಲಿ ಕಣ್ಣಿಡದೆ, ಓಡದೆ, ಮೆಲ್ಲನೆ ಹಿಂದೆ ಸರಿಯಿರಿ ಎಂದು ಮಕ್ಕಳಿಗೆ ಕಲಿಸಿರಿ. ಕಚ್ಚಿದ ಪಕ್ಷದಲ್ಲಿ ಸುಣ್ಣ, ಖಾರದ ಪುಡಿ, ನಾಟಿ ಸೊಪ್ಪುಗಳ ಗೊಡವೆ ಬೇಡ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಸರಣಿಯನ್ನು ಮಧ್ಯದಲ್ಲಿ ಬಿಡದೆ ಪೂರೈಸಿರಿ. ರೇಬಿಸ್ ಲಕ್ಷಣ ತೋರಿದ ಮೇಲೆ ಉಳಿದವರು ಇಲ್ಲವೆಂಬಷ್ಟು ವಿರಳ.

ಇನ್ನು ಮನುಷ್ಯನ ಮಾತು. 2024ರ ಜುಲೈ ತಿಂಗಳ ಒಂದು ಮಳೆಯ ರಾತ್ರಿ, ಪುಷ್ಕರಣಿಯಿಂದ ಪ್ರಸಿದ್ಧವಾದ ನಮ್ಮ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಸೀಮೆಯಲ್ಲಿ ಕೊಲೆಯಾದ ವ್ಯಕ್ತಿಯೊಬ್ಬನ ಶವ ದೊರೆಯಿತು. ದಾವಣಗೆರೆ ಜಿಲ್ಲಾ ಪೊಲೀಸ್ ಶ್ವಾನದಳದ ‘ತುಂಗಾ-2’ ಎಂಬ ನಾಯಿಯು ವಾಸನೆಯ ಜಾಡು ಹಿಡಿದು, ಸುರಿಯುವ ಮಳೆಯಲ್ಲಿ ಸುಮಾರು 8 ಕಿಲೋಮೀಟರ್ ಓಡಿ ಒಂದು ಮನೆಯ ಮುಂದೆ ನಿಂತಿತು. ಒಳಗೆ ಆ ಕೊಲೆಯ ಆರೋಪಿಯು ತನ್ನ ಹೆಂಡತಿಯನ್ನು ಪ್ರಾಣ ಹೋಗುವಂತೆ ಹೊಡೆಯುತ್ತಿದ್ದನು. ಪೊಲೀಸರು ಆಕೆಯನ್ನು ಬದುಕಿಸಿದರು. ಆಕೆಯ ಶೀಲದ ಮೇಲಿನ ಶಂಕೆಯೇ ಆ ಕೊಲೆಗೂ ಈ ಹಿಂಸೆಗೂ ಮೂಲವೆಂದು ಅವರು ತಿಳಿಸಿದರು. ಬಂಧುಗಳೇ, ಇಲ್ಲಿ ಮೃಗವೆನ್ನಿಸಿಕೊಳ್ಳತಕ್ಕುದು ಯಾವುದು? ಹಿಡಿಯುವ ಶಕ್ತಿ, ಬೆನ್ನಟ್ಟುವ ಆವೇಶ, ಬಲವಾದ ದವಡೆ ಎಲ್ಲವೂ ಆ ನಾಯಿಗಿದ್ದುವು. ಆದರೆ ಪ್ರೀತಿಯಿಂದ ಪಳಗಿಸಿದವನ ಅಪ್ಪಣೆಗೆ ಒಳಪಟ್ಟಿದ್ದರಿಂದ ಅದರ ಉಗ್ರತೆಯು ಒಂದು ಜೀವವನ್ನು ಉಳಿಸಲು ಸಾಧನವಾಯಿತು. ಉಗ್ರತೆಯನ್ನು ನಿರ್ಮೂಲ ಮಾಡಬೇಕೆಂದು ನಾನು ಹೇಳುವುದಿಲ್ಲ, ಅದು ಶಕ್ಯವೂ ಅಲ್ಲ, ಅದಕ್ಕೆ ಒಡೆಯನಿರಬೇಕು.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಮನುಷ್ಯನ ಪತನದ ಕ್ರಮವನ್ನು ಹೇಳುವಾಗ ಕ್ರೋಧವನ್ನು ಮೊದಲಿಗಿಟ್ಟಿಲ್ಲವೆಂಬುದನ್ನು ಗಮನಿಸಿರಿ. ಒಂದೇ ವಿಷಯವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಮೆಲುಕು ಹಾಕುವುದು ಮೊದಲು. ಅದರಿಂದ ಅಂಟು, ಅಂಟಿನಿಂದ ಬಯಕೆ, ಬಯಕೆ ಭಂಗವಾಗಲು ಕ್ರೋಧ. ತದನಂತರ ಮೋಹ, ಸ್ಮೃತಿಯ ನಾಶ, ಬುದ್ಧಿಯ ನಾಶ. ಕ್ರೋಧವು ಬಂದ ಮೇಲೆ ವಿವೇಕವನ್ನು ಹುಡುಕುವವನು ತಡವಾಗಿ ಎಚ್ಚೆತ್ತವನು, ಏಕೆಂದರೆ ಆ ಹೊತ್ತಿಗೆ ಹಿಂದಿನ ಮೂರು ಮೆಟ್ಟಿಲುಗಳನ್ನು ಅವನು ಇಳಿದಾಗಿದೆ. ಹೆಂಡತಿ ಯಾರೊಡನೆ ಮಾತನಾಡಿದಳು, ಅಣ್ಣನು ಬದುವನ್ನು ಎಷ್ಟು ಒತ್ತರಿಸಿದನು, ಪಕ್ಕದ ತೋಟದವನು ನೀರನ್ನು ಏಕೆ ತಿರುಗಿಸಿದನು ಎಂದು ಇರುಳೆಲ್ಲ ಒಬ್ಬನೇ ಮೆಲುಕು ಹಾಕುತ್ತ, ಹೆಂಡದಿಂದ ಅದಕ್ಕೆ ಎಣ್ಣೆ ಹೊಯ್ದುಕೊಳ್ಳುವವನು ಅಲ್ಲಿಯೇ ತನ್ನನ್ನು ತಡೆಯಬೇಕು. ಬಿಗಿದ ದವಡೆ, ಬಾರದ ನಿದ್ದೆ, ಸಣ್ಣ ಮಾತಿಗೂ ಏರುವ ಧ್ವನಿ, ಇವೇ ಅವನ ಗುರುಗುಟ್ಟುವಿಕೆ. ಅದು ಕೇಳಿಸಿದಾಗ ಎದ್ದು ಹೊರಗೆ ಹೋಗಲಿ, ನಂಬಿಕೆಯ ಹಿರಿಯನೊಬ್ಬನ ಮುಂದೆ ಬಾಯಿ ಬಿಟ್ಟು ಹೇಳಿಕೊಳ್ಳಲಿ. ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಲಿ, ಅಲ್ಲಿ ಕನ್ನಡದಲ್ಲಿಯೇ ಕೇಳುವವರಿದ್ದಾರೆ. ಭಯವನ್ನು ಭಯವೆಂದು ಒಪ್ಪಿಕೊಳ್ಳುವುದರಲ್ಲಿ ಗಂಡಸುತನಕ್ಕೆ ಯಾವ ಕುಂದೂ ಇಲ್ಲ.

ತಾಯಂದಿರಲ್ಲಿ ನನ್ನದೊಂದು ವಿನಂತಿ: ಸಹನೆಯು ಸದ್ಗುಣವೆಂಬ ಪ್ರವಚನದ ಮಾತನ್ನು ಏಟು ತಿನ್ನುವುದಕ್ಕೆ ಅನುಜ್ಞೆಯೆಂದು ಎಣಿಸಬೇಡಿರಿ, ಯಾವ ಶರಣರೂ ಹಾಗೆ ಬೋಧಿಸಲಿಲ್ಲ. ನೆರೆಹೊರೆಯವರಾದ ನಿಮ್ಮೆಲ್ಲರಲ್ಲಿಯೂ ಕೇಳಿಕೊಳ್ಳುತ್ತೇನೆ. ಪಕ್ಕದ ಮನೆಯಲ್ಲಿ ಹೆಣ್ಣಿನ ಆರ್ತನಾದವೋ ಮಗುವಿನ ಚೀತ್ಕಾರವೋ ಕೇಳಿಬಂದಾಗ, ಅದು ಅವರ ಮನೆಯ ವಿಷಯವೆಂದು ಕದ ಮುಚ್ಚಿಕೊಳ್ಳದಿರಿ. ನಾಲ್ಕು ಜನ ಕೂಡಿ ಹೋಗಿ ಬಾಗಿಲು ತಟ್ಟಿರಿ, 112ಕ್ಕೆ ಕರೆ ಮಾಡಿರಿ, ಪೊಲೀಸರು ಬರುವವರೆಗೆ ಅಲ್ಲಿಂದ ಕದಲದಿರಿ.