ಒಲ್ಲೆ ಎನ್ನಲು ಎಷ್ಟು ವರಮಾನ ಬೇಕು?

ಜೇನ್ ಆಸ್ಟಿನ್ ಬರೆದದ್ದು ಪ್ರೇಮಕಥೆಗಳು ಎಂದು ನಂಬಿ ಓದುವವರಿಗೆ ಆಕೆ ಸಣ್ಣದೊಂದು ಮೋಸ ಮಾಡುತ್ತಾಳೆ. ಪುಸ್ತಕವಿಡೀ ಕಾಯಿಸಿ, ನಾಯಕಿ ಒಪ್ಪಿಗೆ ಕೊಡುವ ಗಳಿಗೆ ಬಂದಾಗ ಬಾಗಿಲು ಅರ್ಧ ಮುಚ್ಚಿಬಿಡುತ್ತಾಳೆ. ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ (1813) ಡಾರ್ಸಿ ಎರಡನೇ ಸಲ ಕೇಳಿದಾಗ ಎಲಿಜಬೆತ್ ಬೆನೆಟ್ ಏನೆಂದಳೆಂಬುದು ಅವಳ ಬಾಯಿಂದ ನಮಗೆ ಕೇಳಿಸುವುದಿಲ್ಲ, ಲೇಖಕಿ ಅದನ್ನು ವರದಿ ಮಾಡಿ ಮುಂದೆ ಸಾಗುತ್ತಾಳೆ. ‘ಎಮ್ಮಾ’ದಲ್ಲಂತೂ ನಾಯಕಿಯ ಉತ್ತರವನ್ನು ತಮಾಷೆಯಲ್ಲೇ ತೇಲಿಸಿಬಿಡುತ್ತಾಳೆ. ಆದರೆ ಅದೇ ಎಲಿಜಬೆತ್ ಪಾದ್ರಿ ಕಾಲಿನ್ಸ್‌ನನ್ನು ಒಲ್ಲೆ ಎನ್ನುವಾಗ, ಡಾರ್ಸಿಯನ್ನು ಮೊದಲ ಸಲ ಒಲ್ಲೆ ಎನ್ನುವಾಗ, ಒಂದು ಮಾತೂ ಬಿಟ್ಟುಹೋಗುವುದಿಲ್ಲ.

ಇದು ಸಂಕೋಚವಲ್ಲ, ವಿಚಾರ ಎಂದು ನನಗೆ ತೋರುತ್ತದೆ. ಹಣ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ ನಿಂತು ಕುಸ್ತಿಯಾಡುತ್ತವೆ ಎಂದು ಸಾಮಾನ್ಯವಾಗಿ ಈ ಕಾದಂಬರಿಗಳನ್ನು ವಿವರಿಸುತ್ತಾರೆ. ಆಸ್ಟಿನ್ ಕೇಳುವ ಪ್ರಶ್ನೆ ಅದಲ್ಲ. ಬೇಡ ಎನ್ನಲು ಸಾಧ್ಯವಿಲ್ಲದವಳ ಒಪ್ಪಿಗೆಯನ್ನು ಪ್ರೀತಿ ಎನ್ನಬಹುದೇ? ಬೇಡ ಎನ್ನುವ ಶಕ್ತಿ ಅವಳಿಗೆ ಎಲ್ಲಿಂದ ಬರಬೇಕು? ಆಕೆಯ ಕುತೂಹಲ ಇಲ್ಲಿದೆ.

ಆ ಕಾಲದ ಕಾನೂನು ನೋಡಿದರೆ ಕಾರಣ ತಿಳಿಯುತ್ತದೆ. ಮದುವೆಯಾದೊಡನೆ ಹೆಣ್ಣಿನ ನಗನಾಣ್ಯ ಗಂಡನದಾಗುತ್ತಿತ್ತು. ಆಸ್ತಿಯ ಹಕ್ಕು ಹೆಂಡತಿಗೆ ದಕ್ಕಿದ್ದು 1870 ಮತ್ತು 1882ರ ಕಾಯ್ದೆಗಳಿಂದ. 1857ರವರೆಗೆ ಪೂರ್ಣ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಬೇಕಿತ್ತು. ಅಂದರೆ ಹೆಣ್ಣಿಗೆ ತನ್ನ ಬಾಳಿನ ಮೇಲೆ ಅಧಿಕಾರ ಇದ್ದದ್ದು ಗಂಡು ಕೇಳಿ, ಅವಳು ಇನ್ನೂ ಉತ್ತರಿಸದೇ ಇರುವ ಆ ಕೆಲವು ನಿಮಿಷ ಮಾತ್ರ. ಕಾದಂಬರಿಕಾರ್ತಿ ಅಲ್ಲಿ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು?

ಆ ನಿಮಿಷಗಳಿಗೂ ಲೆಕ್ಕವಿದೆ. ಎಲಿಜಬೆತ್‌ಳ ಅಪ್ಪ ಬೆನೆಟ್‌ಗೆ ಜಮೀನಿನಿಂದ ವರ್ಷಕ್ಕೆ 2,000 ಪೌಂಡ್ ಬರುತ್ತದೆ. ಆದರೆ ಐದು ಹೆಣ್ಣುಮಕ್ಕಳಿದ್ದರೂ ಆ ಜಮೀನು ಗಂಡು ವಾರಸುದಾರನಿಗೇ, ಅಂದರೆ ದೂರದ ನೆಂಟ ಕಾಲಿನ್ಸ್‌ಗೆ ಹೋಗಬೇಕು. ತಾಯಿಯ ಕಾಲಾನಂತರ ಎಲಿಜಬೆತ್‌ಗೆ ಸಿಗುವುದು 1,000 ಪೌಂಡ್, ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ ವರ್ಷಕ್ಕೆ 40. ಈ ಅಂಕಿಯನ್ನು ಅವಳಿಗೆ ನೆನಪಿಸುವವನು ಕಾಲಿನ್ಸೇ, ಅದೂ ಮದುವೆಗೆ ಕೇಳುವಾಗ! ವರನ ಸಂಬಳ, ಮನೆ, ನಿವೇಶನ ವಿಚಾರಿಸಿ ಸಂಬಂಧ ಕುದುರಿಸುವುದನ್ನು ಕಂಡು ಬೆಳೆದ ಕನ್ನಡ ಓದುಗರಿಗೆ ಶ್ರೀಮತಿ ಬೆನೆಟ್‌ಳ ಗಡಿಬಿಡಿಯನ್ನು ಯಾರೂ ವಿವರಿಸಬೇಕಿಲ್ಲ. ಅವಳನ್ನು ನೋಡಿ ನಗುವುದು ಸುಲಭ. ಆದರೆ ಆ ಮನೆಯಲ್ಲಿ ಲೆಕ್ಕ ಸರಿಯಾಗಿ ಗೊತ್ತಿರುವುದು ಅವಳೊಬ್ಬಳಿಗೇ.

ಎಲಿಜಬೆತ್ ಬಿಟ್ಟ ಕಾಲಿನ್ಸ್‌ನನ್ನು ಮೂರು ದಿನದೊಳಗೆ ಗೆಳತಿ ಷಾರ್ಲಟ್ ಲ್ಯೂಕಸ್ ಒಪ್ಪುತ್ತಾಳೆ. ಅವಳಿಗೆ 27 ವರ್ಷ, ರೂಪವಿಲ್ಲ, ಹಣವಿಲ್ಲ. ಅವಳ ತಮ್ಮಂದಿರಿಗೆ ಅಕ್ಕ ಮದುವೆಯಿಲ್ಲದೆ ಉಳಿದುಬಿಡುತ್ತಾಳೆಂಬ ಹೆದರಿಕೆ ತಪ್ಪಿದ ಸಮಾಧಾನ. ಅವಳ ತಾಯಿಯೋ ಬೆನೆಟ್ ಇನ್ನೆಷ್ಟು ವರ್ಷ ಬದುಕಿಯಾನು ಎಂದು ಆಗಲೇ ಎಣಿಸತೊಡಗುತ್ತಾಳೆ. ಎಲಿಜಬೆತ್‌ಗೆ ಇದು ಅವಮಾನ ಎನ್ನಿಸುತ್ತದೆ. ಆದರೆ ಸ್ವಲ್ಪ ಕಾಲದ ಮೇಲೆ, ತನಗೆ ಮೆಚ್ಚುಗೆಯಾಗಿದ್ದ ವಿಕಮ್ 10,000 ಪೌಂಡ್ ಆಸ್ತಿಯ ಹುಡುಗಿಯೊಬ್ಬಳ ಹಿಂದೆ ಬಿದ್ದಾಗ, ವಿವೇಕಕ್ಕೂ ದುರಾಸೆಗೂ ಗೆರೆ ಎಲ್ಲಿದೆ ಎಂದು ಅವಳೇ ಸೋದರಮಾವನ ಹೆಂಡತಿಯ ಹತ್ತಿರ ವಾದಿಸುತ್ತಾಳೆ. ಗಂಡಸಿನ ಲೆಕ್ಕಾಚಾರಕ್ಕೆ ಸಿಕ್ಕ ಕ್ಷಮೆ ಗೆಳತಿಯ ಲೆಕ್ಕಾಚಾರಕ್ಕೆ ಸಿಗಲಿಲ್ಲ. ಮುಂದೆ ಷಾರ್ಲಟ್ ಗಂಡನನ್ನು ತೋಟದ ಕೆಲಸಕ್ಕೆ ಹುರಿದುಂಬಿಸುತ್ತ, ಅವನು ಹೆಚ್ಚು ಸುಳಿಯದ ಹಿಂಬದಿಯ ಕೋಣೆಯನ್ನು ತನಗೆಂದು ಇಟ್ಟುಕೊಂಡು ದಿನ ಕಳೆಯುವ ಜಾಣ್ಮೆಯನ್ನು ಆಸ್ಟಿನ್ ಅಣಕಿಸದೆ ಬರೆಯುತ್ತಾಳೆ. ಮದುವೆಯ ಮೊದಲು ಹೇಳಲಾಗದ ‘ಒಲ್ಲೆ’ಯನ್ನು ಆಮೇಲೆ ಅವಳು ದಿನಕ್ಕಿಷ್ಟು ಎಂದು ಹೇಳಿಕೊಳ್ಳುತ್ತಿದ್ದಾಳೆ.

ಸಾಲ ತಂದ ಒಲ್ಲೆಯೂ ಉಂಟು. ‘ಎಮ್ಮಾ’ದ ಹ್ಯಾರಿಯೆಟ್ ತಂದೆಯ ಹೆಸರಿಲ್ಲದ ಹುಡುಗಿ, ಅವಳು ಮೆಚ್ಚಿದ ರೈತನನ್ನು ಅವಳಿಂದಲೇ ಬೇಡ ಎನ್ನಿಸುವವಳು 30,000 ಪೌಂಡ್‌ಗಳ ಒಡತಿ ಎಮ್ಮಾ. ಶ್ರೀಮಂತೆಗೆ ಅದು ಆಟ, ಬಡವಿಗೆ ಬಾಳಿನ ಪ್ರಶ್ನೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವವಳು ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ (1814) ಫ್ಯಾನಿ ಪ್ರೈಸ್. ಅವಳು ನೆಂಟರ ಮನೆಯ ಹಂಗಿನಲ್ಲಿ ಬೆಳೆದವಳು, ಕೈಯಲ್ಲಿ ಕಾಸಿಲ್ಲ. ಆದರೂ ಜಮೀನುದಾರ ಹೆನ್ರಿ ಕ್ರಾಫರ್ಡ್‌ನನ್ನು ನಿರಾಕರಿಸುತ್ತಾಳೆ. ಅಡಿಪಾಯವೇ ಇಲ್ಲದ ಈ ನಿರಾಕರಣೆ ಎಲಿಜಬೆತ್‌ಳದಕ್ಕಿಂತ ದೊಡ್ಡದು; ಓದುಗರು ಎಲಿಜಬೆತ್‌ಳನ್ನು ಪ್ರೀತಿಸಿ ಫ್ಯಾನಿಯನ್ನು ಸಪ್ಪೆ ಎನ್ನುವುದು ಅನ್ಯಾಯ. ಅವಳನ್ನು ಸಾಕಿದ ಸರ್ ಥಾಮಸ್ ಬರ್ಟ್ರಮ್ ಅವಳ ಕೋಣೆಗೆ ಬಂದು ಕೃತಘ್ನಳೆಂದು ಬೈಯುತ್ತಾನೆ. ಹೊರಗೆ ಹಿಮ ಬಿದ್ದಿದೆ, ಅವಳ ಕೋಣೆಯಲ್ಲಿ ಬೆಂಕಿಯಿಲ್ಲ ಎಂಬುದು ಅವನಿಗೆ ಅಂದೇ ಗೊತ್ತಾಗುತ್ತದೆ. ಅಂದೇ ಬೆಂಕಿ ಹಾಕಿಸುತ್ತಾನೆ. ದಯೆಯೂ ಒತ್ತಾಯವೂ ಒಂದೇ ಕೈಯಿಂದ ಬಂದಾಗ ಹುಡುಗಿ ಯಾವುದಕ್ಕೆ ಉತ್ತರ ಕೊಡಬೇಕು? ಬೈಗುಳ ಫಲಿಸದಾಗ ಅವಳನ್ನು ಪೋರ್ಟ್ಸ್‌ಮತ್‌ನ ತವರಿಗೆ ಕಳಿಸುತ್ತಾನೆ, ಇಕ್ಕಟ್ಟು ಮನೆಯಲ್ಲಿ ನಾಲ್ಕು ದಿನ ಇದ್ದರೆ ಒಳ್ಳೆಯ ವರಮಾನದ ಬೆಲೆ ತಿಳಿದೀತು ಎಂದು. ಬಡತನವನ್ನೇ ಔಷಧಿಯಾಗಿ ಕುಡಿಸುವ ಈ ಉಪಾಯ ಕ್ರೂರ. ಆದರೆ ಅವನು ತನ್ನ ಸಮಾಜವನ್ನು ಸರಿಯಾಗಿಯೇ ಓದಿಕೊಂಡಿದ್ದ. ಆಸ್ಟಿನ್ ಕೊನೆಯಲ್ಲಿ ಇನ್ನೊಂದು ನಿಷ್ಠುರ ಮಾತು ಸೇರಿಸುತ್ತಾಳೆ: ಕ್ರಾಫರ್ಡ್ ನೇರ್ಪಾಗಿ ಕಾದಿದ್ದರೆ, ಫ್ಯಾನಿ ಪ್ರೀತಿಸುವ ಎಡ್ಮಂಡ್ ಬೇರೆಯವಳನ್ನು ಮದುವೆಯಾಗಿದ್ದರೆ, ಇವಳೂ ಒಪ್ಪುತ್ತಿದ್ದಳು. ಬೆಂಬಲವಿಲ್ಲದ ಒಲ್ಲೆಗೆ ಧೈರ್ಯವಿರಬಹುದು, ಆಯುಸ್ಸು ಕಡಿಮೆ.

ಹಾಗಾದರೆ ವರ್ಷಕ್ಕೆ 10,000 ಪೌಂಡ್‌ನ ಡಾರ್ಸಿಯನ್ನು ಎಲಿಜಬೆತ್‌ಗೆ ಬಹುಮಾನವಾಗಿ ಕೊಟ್ಟು ಆಸ್ಟಿನ್ ತಾನೇ ಎತ್ತಿದ ಪ್ರಶ್ನೆಯಿಂದ ಜಾರಿಕೊಳ್ಳಲಿಲ್ಲವೇ? ಸ್ವಲ್ಪ ಜಾರಿಕೊಂಡಳು. ಡಾರ್ಸಿಯ ತಾಯಿಯ ಸೋದರಿ ಲೇಡಿ ಕ್ಯಾಥರಿನ್ ಬೆದರಿಸಲು ಬಂದಾಗ ಎಲಿಜಬೆತ್ ತಾನೂ ಕುಲೀನನ ಮಗಳೇ ಎಂದು ಎದುರಾಡುತ್ತಾಳೆ. ಅಂತಸ್ತನ್ನು ಎದುರಿಸಲು ಅವಳು ಎತ್ತಿಕೊಂಡ ಆಯುಧವೂ ಅಂತಸ್ತೇ. ಲಂಡನ್ನಿನಲ್ಲಿ ವ್ಯಾಪಾರ ಮಾಡುವ ಅವಳ ಸೋದರಮಾವನ ಮಗಳಾಗಿದ್ದರೆ ಆ ಮಾತು ಆಡುವಂತಿರಲಿಲ್ಲ.

ಸ್ವಂತ ಬದುಕಿನಲ್ಲಿ ಲೇಖಕಿಗೆ ಅಂಥ ಬಹುಮಾನ ಸಿಗಲಿಲ್ಲ. 1802ರ ಡಿಸೆಂಬರ್ 2ರಂದು ಮ್ಯಾನಿಡೌನ್ ಎಸ್ಟೇಟಿನ ವಾರಸುದಾರ ಹ್ಯಾರಿಸ್ ಬಿಗ್-ವಿದರ್‌ಗೆ ಆಕೆ ಒಪ್ಪಿಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಹಿಂತೆಗೆದುಕೊಂಡಳು. ಆಗ ಆಕೆಗೆ 27 ತುಂಬಲು ಎರಡು ವಾರ ಬಾಕಿ. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಅಕ್ಕನೊಂದಿಗೆ ಅಣ್ಣತಮ್ಮಂದಿರ ನೆರವಿನಲ್ಲೇ ಊರೂರು ಬದಲಿಸಬೇಕಾಯಿತು; 1809ರಲ್ಲಿ ಅಣ್ಣ ಎಡ್ವರ್ಡ್ ಚಾಟನ್ನಿನಲ್ಲಿ ಮನೆ ಕೊಟ್ಟ ಮೇಲೆ ನೆಲೆ ಸಿಕ್ಕಿತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಹಕ್ಕು ಮಾರಿ ಬಂದದ್ದು 110 ಪೌಂಡ್.

ಆ ಕಾದಂಬರಿಯಲ್ಲಿ ಲೆಕ್ಕ ನೋಡದೆ ಮನಸೋತು ಮದುವೆಯಾದವನು ಒಬ್ಬನಿದ್ದಾನೆ, ಅಪ್ಪ ಬೆನೆಟ್. ಚೆಲುವಿಗೆ ಮರುಳಾದ, ಗಂಡುಮಗು ಹುಟ್ಟಿಯೇ ಹುಟ್ಟುತ್ತದೆ ಎಂದು ಉಳಿತಾಯವನ್ನೂ ಮಾಡಲಿಲ್ಲ. ಡಾರ್ಸಿಗೆ ಮಗಳನ್ನು ಕೊಡುವ ಮುನ್ನ, ಗೌರವಿಸಲಾಗದವನನ್ನು ಕಟ್ಟಿಕೊಳ್ಳಬೇಡ ಎಂದು ಮನಮುಟ್ಟುವಂತೆ ಹೇಳುವವನೂ ಅವನೇ. ಆ ಮಾತನ್ನು ನಾನು ಅನುಮಾನಿಸುವುದಿಲ್ಲ. ಆದರೆ ಇಪ್ಪತ್ತು ವರ್ಷ ಕೈ ಬಿಗಿ ಹಿಡಿದು ಮಕ್ಕಳಿಗೆಂದು ಒಂದಿಷ್ಟು ಇಟ್ಟಿದ್ದರೆ, ಅದೇ ಮಾತನ್ನು ಅವನು ಐವರಿಗೂ ಹೇಳಬಹುದಿತ್ತು.