ಬಳಪದ ಕಲ್ಲಿನಲ್ಲಿ ದೇವರು ಎಲ್ಲಿರುತ್ತಾನೆ?

ಉಗುರಿನಿಂದ ಗೀರಿದರೂ ಸಾಕು, ಬಿಳಿ ಗೆರೆ ಮೂಡುತ್ತದೆ. ಮುಟ್ಟಿದರೆ ಸಾಬೂನು ಸವರಿದಂಥ ನುಣುಪು. ಬಳಪದ ಕಲ್ಲಿಗೆ ಈ ಗುಣ ಬಂದಿರುವುದು ಟಾಲ್ಕ್ ಎಂಬ ಖನಿಜದಿಂದ. ಗಡಸುತನ ಅಳೆಯುವ ಮೋಹ್ಸ್ ಮಾಪಕದಲ್ಲಿ ವಜ್ರಕ್ಕೆ 10 ಅಂಕ, ಟಾಲ್ಕಿಗೆ 1. ಮೆಗ್ನೀಸಿಯಂ ತುಂಬಿದ ಶಿಲೆಗಳೊಳಗೆ, ನೆಲದಾಳದಲ್ಲಿ, ಬಿಸಿನೀರು ನುಗ್ಗಿ ಹಳೆಯ ಖನಿಜಗಳನ್ನು ಮಾರ್ಪಡಿಸಿದಾಗ ಟಾಲ್ಕ್ ಹುಟ್ಟುತ್ತದೆ. ತೆಳು ತೆಳು ಪದರ, ಪದರಗಳ ನಡುವೆ ಹಿಡಿತ ಸಡಿಲ; ಜಾರುವುದು ಅದಕ್ಕೇ.

ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿಸಿದ ಬಳಪ ಇದೇ. ಮೈಗೆ ಹಚ್ಚುವ ಪೌಡರಿನಲ್ಲೂ ಇದೇ. ಹಳೆಯ ಮನೆಗಳ ಕಲ್ಲಿನ ಮರಿಗೆಯಲ್ಲಿ ಹುಳಿ ಒಲೆಯಿಂದ ಇಳಿಸಿದ ಮೇಲೂ ಕೊತಕೊತ ಕುದಿಯುತ್ತಿತ್ತು, ಕಲ್ಲು ಬಿಸಿಯನ್ನು ಅಷ್ಟು ಹೊತ್ತು ಹಿಡಿದಿಡುತ್ತದೆ.

ಇದರ ಬಳಗದ ಶಿಲೆಯನ್ನೇ ಹೊಯ್ಸಳರು ದೇವರಿಗೂ ಆರಿಸಿಕೊಂಡರು. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಅಲ್ಲಿ ಬಳ್ಳಿಗಾವಿಯ ದಾಸೋಜನಂಥವರ ಉಳಿ ಸರದ ಒಂದೊಂದು ಮಣಿಯ ಸಂದಿಗೂ ಇಳಿದಿದೆ. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಕೇಳಿದ್ದು ಬೇರೆಯೇ ಪ್ರಶ್ನೆ: ಕಲ್ಲು ಕಡೆದು ನಿಲ್ಲಿಸಿದ್ದು ದೇವರು ಹೇಗಾದೀತು?

ಪ್ರಶ್ನೆ ಹಗುರವಲ್ಲ. ಶ್ರೀವೈಷ್ಣವರ ಉತ್ತರ ಅರ್ಚಾವತಾರ: ಭಗವಂತ ತಾನೇ ಮೂರ್ತಿಯಾಗಿ ಇಳಿದು ಬರುತ್ತಾನೆ, ಅದನ್ನು ಬರೀ ಕಲ್ಲೆಂದು ಎಣಿಸುವುದೇ ತಪ್ಪು. ಮಾಧ್ವರ ಮಾತು ಬೇರೆ: ಪ್ರತಿಮೆಯೇ ದೇವರಲ್ಲ, ಅದರೊಳಗೆ ಸನ್ನಿಹಿತನಾದವನು ದೇವರು.

ಈ ವಾದಗಳನ್ನೆಲ್ಲ ಸೋಮನಾಥಪುರಕ್ಕೆ ಒಯ್ದು ನೋಡಬೇಕು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಗುಡಿಯದು. ಕಲ್ಲು ಬೇಲೂರಿನ ಜಾತಿಯದೇ, ಕೈಚಳಕವೂ ಕಡಿಮೆಯದಲ್ಲ. ಆದರೆ ಬೇಲೂರಿನಲ್ಲಿ ಇಂದಿಗೂ ಪೂಜೆಯುಂಟು, ಇಲ್ಲಿ ಇಲ್ಲ. ಮೂರು ಗರ್ಭಗುಡಿಗಳಲ್ಲಿ ಮೂಲ ಕೇಶವನೇ ಕಾಣೆಯಾಗಿದ್ದಾನೆ. ಮುಕ್ಕಾದ ವಿಗ್ರಹಕ್ಕೆ ಪೂಜೆ ಸಲ್ಲದು ಎಂಬುದು ಆಗಮಶಾಸ್ತ್ರದ ಕಟ್ಟಳೆ; ಇಲ್ಲಿ ಪೂಜೆ ನಿಂತದ್ದು ಅದಕ್ಕೇ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಎರಡೂ ಕಡೆಯ ಚೂರು ಇಟ್ಟರೆ ಪೂಜೆ ಪಡೆಯುವ ಕಲ್ಲು ಯಾವುದೆಂದು ಯಾವ ಉಪಕರಣವೂ ಹೇಳಲಾರದು. ಹೋದದ್ದು ಕಲ್ಲಿನ ಗುಣವಲ್ಲ. ಪ್ರತಿಮೆಯೊಳಗೆ ದೇವರ ಸನ್ನಿಧಾನ ಬರುತ್ತದೆ, ಹೋಗುತ್ತದೆ ಎನ್ನುವ ಮಾತು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಶರಣರ ಪ್ರಶ್ನೆಗೂ ಇಲ್ಲಿ ಬಲ ಬರುತ್ತದೆ.

ಆದರೂ ಒಂದು ಉಳಿಯುತ್ತದೆ. ಹೊರಗೋಡೆಯ ಮೂರ್ತಿಗಳ ಪೀಠದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಹೆಸರನ್ನು ಕನ್ನಡದಲ್ಲಿ ಕೆತ್ತಿದ್ದಾನೆ, ಬಳಪದಿಂದ ಬರೆದಷ್ಟು ಸಲೀಸಾಗಿ. ಒಳಗೆ ಇನ್ನೊಂದು ಗರ್ಭಗುಡಿಯಲ್ಲಿ ವೇಣುಗೋಪಾಲ ಕೊಳಲು ಹಿಡಿದು ನಿಂತಿದ್ದಾನೆ. ಹೂವಿಲ್ಲ, ದೀಪವಿಲ್ಲ, ಮಂಗಳಾರತಿಯಿಲ್ಲ. ಅದು ಗೊತ್ತಿದ್ದೂ ಮುಂದೆ ನಿಂತು ಕೈ ಮುಗಿಯುವವರಿದ್ದಾರೆ.