ಉಣಿಸುವವರ ಧರ್ಮ

ಅನ್ನವಿಕ್ಕುವುದರಲ್ಲಿ ತಪ್ಪೇನಾದರೂ ಇದ್ದೀತೆ? ನಮ್ಮ ಕಡೆಯ ಯಾರನ್ನು ಹೀಗೆ ಕೇಳಿದರೂ ನಕ್ಕುಬಿಟ್ಟಾರು. ಗದಗು, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸುತ್ತಿನ ಯಳವತ್ತಿಯಂಥ ಹಳ್ಳಿಗಳಲ್ಲಿ ಹೊಸ್ತಿಲು ತುಳಿದವನಿಗೆ ಮೊದಲು ನೀರು, ಆಮೇಲೆ ರೊಟ್ಟಿ, ಕಟ್ಟಕಡೆಗೆ ಮಾತು. ದಾಸೋಹದ ನೆಲವಿದು. ಹಾಗಿದ್ದೂ ಈ ಪ್ರಶ್ನೆ ನಿಜವಾಗಿ ಏಳುವ ಮನೆಗಳುಂಟು. ಹಸಿವಿದ್ದೂ ನುಂಗಲಾರದವರು ಇರುವ ಮನೆಗಳವು.

ಮೋಟಾರ್ ನ್ಯೂರಾನ್ ರೋಗವೆಂದು ವೈದ್ಯರು ಕರೆಯುವ ಬೇನೆಯಲ್ಲಿ, ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅಪ್ಪಣೆ ಬಾರದ ಸ್ನಾಯು ಕರಗುತ್ತದೆ. ಇದರ ಮುಖ್ಯ ಬಗೆಯನ್ನು ಫ್ರಾನ್ಸಿನ ಶಾರ್ಕೊ 1869ರಲ್ಲಿ ವಿವರಿಸಿದನು. ಹೆಚ್ಚಾಗಿ ದಕ್ಷಿಣ ಭಾರತದಲ್ಲೇ ಕಾಣುವ ಇನ್ನೊಂದು ಬಗೆಯನ್ನು ಮದರಾಸಿನ ವೈದ್ಯರು 1970ರಲ್ಲಿ ಬೆಳಕಿಗೆ ತಂದರು. ಅದು ಎಳೆಯ ವಯಸ್ಸಿನಲ್ಲೇ ತೊಡಗಿ ಕೈಕಾಲು, ಮುಖ, ಗಂಟಲುಗಳನ್ನು ಸೋಲಿಸುತ್ತದೆ. ಕಿವಿಯನ್ನೂ ಮಂದ ಮಾಡುತ್ತದೆ. ಆದರೆ ನಿಧಾನವಾಗಿ ಸಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೂ ಇಂಥ ರೋಗಿಗಳನ್ನು ನೋಡಿ ಬರೆದಿದ್ದಾರೆ. ಬಗೆ ಯಾವುದೇ ಇರಲಿ, ಕಂಡವರ ಬಾಯಲ್ಲಿ ಬರುವ ಮಾತು ಒಂದೇ: “ಎಷ್ಟು ಸೊರಗಿದ್ದಾರೆ ನೋಡಿ! ರೋಗವೇ ಅಂಥದು, ಏನು ಮಾಡಲಿಕ್ಕಾಗುತ್ತದೆ?”

ಈ ಮಾತಿನಲ್ಲಿ ಕನಿಕರವಿದೆ, ನಿಜ. ಆದರೆ ಅದರ ಬೆನ್ನಲ್ಲೇ ಒಂದು ಮೈಮರೆವೂ ಇದೆ. ಸೊರಗುವುದಕ್ಕೆ ಇಲ್ಲಿ ಎರಡು ಕಾರಣಗಳುಂಟು. ನರ ಸತ್ತದ್ದರಿಂದ ಸ್ನಾಯು ಕರಗುವುದು ಒಂದು. ಅದನ್ನು ತುಪ್ಪವೂ ತರಲಾರದು, ಹಾಲೂ ತರಲಾರದು. ಬರಿಯ ಹಸಿವು ಎರಡನೆಯದು. ಕೈ ಏಳದು, ದವಡೆ ಸೋಲುತ್ತದೆ, ಗುಟುಕು ಗುಟುಕಿಗೂ ಕೆಮ್ಮು. ಅರ್ಧ ಗಂಟೆ ತಿಂದರೂ ಅರ್ಧ ರೊಟ್ಟಿ ಮುಗಿಯದು. ದಣಿದು “ಸಾಕು” ಎನ್ನುತ್ತಾರೆ. ಹೊಟ್ಟೆ ತುಂಬಿ ಅಂದ ಸಾಕಲ್ಲ ಅದು, ಶಕ್ತಿ ತೀರಿ ಅಂದ ಸಾಕು. ಇದರ ಮೇಲೆ ಇನ್ನೊಂದು ವಿಚಿತ್ರ: ಎಲ್ಲರಲ್ಲಿ ಅಲ್ಲದಿದ್ದರೂ ಅನೇಕ ರೋಗಿಗಳಲ್ಲಿ, ಸುಮ್ಮನೆ ಮಲಗಿದ್ದಾಗಲೂ ದೇಹ ಸುಡುವ ಶಕ್ತಿ ವಾಡಿಕೆಗಿಂತ 100ಕ್ಕೆ 10ರಷ್ಟು ಹೆಚ್ಚು. ಆದಾಯ ಇಳಿದ ಮನೆಯಲ್ಲಿ ಖರ್ಚು ಏರಿದಂತೆ. ಆಗ ದೇಹವು ಕೂಡಿಟ್ಟ ಕೊಬ್ಬನ್ನೂ ಉಳಿದ ಸ್ನಾಯುವನ್ನೂ ತಿಂದು ಬದುಕತೊಡಗುತ್ತದೆ.

ಮೊದಲನೆಯ ನಷ್ಟ ವಿಧಿಯದು. ಎರಡನೆಯದರಲ್ಲಿ ಬಹುಪಾಲು ನಮ್ಮದು. ಎರಡನ್ನೂ ಒಂದೇ ಗಂಟು ಕಟ್ಟಿ ವಿಧಿಯ ತಲೆಯ ಮೇಲೆ ಹೊರಿಸಿಬಿಡುವುದು ನಮಗೆ ಸುಲಭ, ಮನಸ್ಸಿಗೂ ಹಗುರು. ಕರ್ಮದ ಹೆಸರು ಹೇಳಿ ನಾವು ಬಿಟ್ಟುಕೊಡುವ ಕರ್ತವ್ಯಗಳಲ್ಲಿ ಇದೂ ಒಂದು.

ಕರ್ತವ್ಯ ದೊಡ್ಡದೇನಲ್ಲ, ತಿಂಗಳಿಗೊಮ್ಮೆ ತೂಕ ನೋಡುವುದರಿಂದ ಮೊದಲಾಗುತ್ತದೆ. 60 ಕಿಲೋ ಇದ್ದವರು 57ಕ್ಕೆ ಇಳಿದರೆ, ಎಂದರೆ 100ಕ್ಕೆ 5ರಷ್ಟು ಕಳೆದರೆ, ಅದು ಎಚ್ಚರಿಕೆಯ ಗಂಟೆ. 54ಕ್ಕೆ ಇಳಿದರೆ ತಡವಾಗುತ್ತಿದೆಯೆಂದು ತಿಳಿಯಬೇಕು. ತಕ್ಕಡಿಯೊಂದೇ ಪೂರ್ತಿ ಸತ್ಯ ಹೇಳದು; ತೂಕ ಅಷ್ಟೇ ಇದ್ದು ಒಳಗೆ ಸ್ನಾಯು ಕರಗಿ ಕೊಬ್ಬು ಉಳಿದಿರಬಹುದು. ಆದರೆ ಈ ರೋಗದಲ್ಲಿ ಆ ಕೊಬ್ಬೂ ಆಸ್ತಿಯೇ. ತುಸು ಮೈತುಂಬಿಕೊಂಡವರು ಒಣಕಲು ದೇಹದವರಿಗಿಂತ ಹೆಚ್ಚು ಕಾಲ ಬಾಳುತ್ತಾರೆಂಬುದು ಹಲವು ದೇಶಗಳ ವೈದ್ಯರು ಕಂಡ ಸಂಗತಿ. ಮಿತಾಹಾರವನ್ನು ಸದ್ಗುಣವೆಂದು ಕಲಿತ ನಮಗೆ ಇದು ವಿಪರೀತವೆನಿಸೀತು. ಆದರೆ ಸದ್ಗುಣವೂ ದೇಹ ನೋಡಿಯೇ ಸದ್ಗುಣ.

ಆಮೇಲೆ ಅಡಿಗೆಮನೆಯ ಕೆಲಸ. ಕಟಿರೊಟ್ಟಿಯೂ ಉದುರುವ ಶೇಂಗಾ ಚಟ್ನಿಪುಡಿಯೂ ಈ ಗಂಟಲಿಗೆ ಆಗಿಬಾರವು. ತಿಳಿನೀರು ಕೂಡ ಎಷ್ಟೋ ಸಲ ಅಡ್ಡದಾರಿ ಹಿಡಿದು ಶ್ವಾಸನಾಳಕ್ಕೆ ಇಳಿಯುತ್ತದೆ. ಅದಕ್ಕಿಂತ ಗಟ್ಟಿ ಗಂಜಿ ಲೇಸು. ಹಾಲಿನಲ್ಲಿ ನಾದಿ ಮಿದುಮಾಡಿದ ರೊಟ್ಟಿ, ನುಣ್ಣಗೆ ಬೆಂದ ಜೋಳದ ನುಚ್ಚು, ಕೆನೆಮೊಸರು. ತುತ್ತು ಸಣ್ಣದಿದ್ದರೂ ಸಾರವಿರಬೇಕು; ಒಂದು ದೊಡ್ಡ ಚಮಚ ತುಪ್ಪದಲ್ಲೇ 100 ಕ್ಯಾಲೊರಿಗೂ ಹೆಚ್ಚು ಶಕ್ತಿಯಿದೆ. ಯಾವ ಗಂಟಲಿಗೆ ಯಾವ ಹದವೆಂಬುದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಇದರಿಂದ ರೋಗ ಗುಣವಾಗುತ್ತದೆಂದು ಯಾರೂ ಭ್ರಮಿಸಬಾರದು. ಜರ್ಮನಿಯಲ್ಲಿ 201 ಮಂದಿ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನವೂ ಕೊಬ್ಬಿನ ಹೆಚ್ಚುವರಿ ಆಹಾರ ಕೊಟ್ಟರೂ ಒಟ್ಟಿನಲ್ಲಿ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ರೋಗ ವೇಗವಾಗಿ ಸಾಗುವವರಿಗೆ ಮಾತ್ರ ಲಾಭವಾದೀತೆಂಬ ಸೂಚನೆ ಸಿಕ್ಕಿತು. ಅನ್ನ ಔಷಧವಲ್ಲ. ಆದರೆ ಗುಣವಾಗದ ರೋಗಿ ಹಸಿದೇ ಇರಬೇಕೆಂಬ ನ್ಯಾಯ ಎಲ್ಲಿಯದು?

ಇಷ್ಟಾದ ಮೇಲೆ ಇನ್ನೊಂದು ಅಪಾಯ ಬಾಗಿಲಲ್ಲಿ ನಿಂತಿರುತ್ತದೆ. ತೂಕದ ಲೆಕ್ಕ ಹಿಡಿದ ಮನೆಯವರು, ಪ್ರೀತಿಯಿಂದಲೇ, ಬಲವಂತಕ್ಕೆ ಇಳಿಯುತ್ತಾರೆ. “ಇನ್ನೊಂದು ತುತ್ತು, ನನ್ನ ಸಲುವಾಗಿ.” ಯಾರ ಸಲುವಾಗಿ? ತಾನು ಕೈಲಾದದ್ದು ಮಾಡಿದೆನೆಂಬ ಸಮಾಧಾನಕ್ಕಾಗಿ ಇನ್ನೊಬ್ಬರ ಗಂಟಲನ್ನು ನೋಯಿಸುವುದುಂಟು. ಇಲ್ಲಿ ದಾಸೋಹವೆಂಬ ಪದವೇ ನಮಗೆ ದಾರಿ ತೋರಬಲ್ಲದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಬಡಿಸುವವನ ಆಸೆಗಿಂತ ಉಣ್ಣುವವರ ಅಪ್ಪಣೆ ಅಲ್ಲಿ ದೊಡ್ಡದು. ಕಿವಿ ಮಂದವಾದವರನ್ನು “ಸಾಕೇ?” ಎಂದು ಬಾಯಿಂದ ಕೇಳಿದರೆ ಸಾಲದು, ಎದುರು ಕೂತು ಕಣ್ಣಿನಿಂದ ಕೇಳಬೇಕು, ಕಣ್ಣಿನಿಂದಲೇ ಉತ್ತರವನ್ನು ಓದಿಕೊಳ್ಳಬೇಕು.

ನುಂಗುವುದು ತೀರ ಕಷ್ಟವಾದಾಗ ಹೊಟ್ಟೆಗೇ ನೇರವಾಗಿ ಕೊಳವೆಯಿಟ್ಟು ಉಣಿಸುವ ಉಪಾಯವುಂಟು. ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ ಅದನ್ನು ಇಡುವ ಕ್ರಮವನ್ನು ಅಮೆರಿಕದ ವೈದ್ಯರು 1980ರಲ್ಲಿ ಪ್ರಕಟಿಸಿದರು. ಉಸಿರಿನ ಬಲ ಅರ್ಧಕ್ಕೆ ಇಳಿಯುವ ಮೊದಲೇ ಅದನ್ನು ಇಡುವುದು ಕ್ಷೇಮ. ಆದ್ದರಿಂದ ಬೇಕೆ ಬೇಡವೆ ಎಂಬ ಮಾತನ್ನು ರೋಗಿಗೆ ಇನ್ನೂ ನುಡಿಯುವ ಶಕ್ತಿಯಿದ್ದಾಗಲೇ ಆಡಬೇಕು. ಕೆಲವರಲ್ಲಿ ರೋಗ ಬುದ್ಧಿಯನ್ನೂ ತಟ್ಟುವುದರಿಂದ ಈ ಅವಸರ ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. “ಅವರ ಮುಂದೆ ಹೇಳಬೇಡಿ” ಎಂದು ವೈದ್ಯರಿಗೆ ಕಣ್ಸನ್ನೆ ಮಾಡುತ್ತೇವೆ. ಹೊಟ್ಟೆ ಒಬ್ಬರದು, ತೀರ್ಮಾನ ಇನ್ನೊಬ್ಬರದು.

ಬೇಡವೆಂದರೆ? ಲಕ್ಷ್ಮೇಶ್ವರ ಹಿಂದೆ ಪುಲಿಗೆರೆಯೆನಿಸಿದ ಜೈನಕ್ಷೇತ್ರ. ಅರಿತು ಅನ್ನ ಬಿಡುವ ಸಲ್ಲೇಖನವನ್ನು ವ್ರತವೆಂದು ಕಂಡ ಪರಂಪರೆ ನಮ್ಮ ನೆರೆಯಲ್ಲೇ ಇದೆ. ಅದರ ಬೆಲೆಯೆಲ್ಲ ಇರುವುದು ‘ಅರಿತು’ ಎಂಬ ಒಂದು ಮಾತಿನಲ್ಲಿ. ಸ್ವಸ್ಥಬುದ್ಧಿಯ ರೋಗಿಗೆ ಚಿಕಿತ್ಸೆಯನ್ನು ನಿರಾಕರಿಸುವ ಹಕ್ಕುಂಟೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಗೌರವದ ಮರಣದ ಆ ತೀರ್ಪನ್ನು ಜಾರಿಗೆ ತರಲು ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಕೊಳವೆಯ ಸಂಗತಿಯನ್ನೇ ತಿಳಿಸದೆ, ಬೆಂದ ನುಚ್ಚಿನ ಬದಲು ಒಣರೊಟ್ಟಿ ಮುಂದಿಟ್ಟು, “ಅವರಿಗೇ ಊಟ ಬೇಡವಾಗಿದೆ” ಎಂದರೆ ಅದು ನಿರಾಕರಣೆಯಲ್ಲ, ನಿರಾಕರಣೆಯ ಹೆಸರಿನ ಉಪವಾಸ. ಬೇಡವೆನ್ನುವ ಸ್ವಾತಂತ್ರ್ಯ ಬರುವುದು ಬೇಕೆಂದರೆ ಸಿಕ್ಕುವ ಭರವಸೆಯಿದ್ದಾಗ ಮಾತ್ರ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ: ಅನ್ನವಿಕ್ಕುವುದರಲ್ಲಿ ತಪ್ಪಿಲ್ಲ, ಕೇಳದೆ ಇಕ್ಕುವುದರಲ್ಲಿ ತಪ್ಪಿದೆ, ಕೇಳದೆ ಬಿಡುವುದರಲ್ಲಿ ಅದಕ್ಕಿಂತ ದೊಡ್ಡ ತಪ್ಪಿದೆ. ಉಣಿಸುವವರು ಮೊದಲು ಹದವಾದ ತುತ್ತನ್ನು ಸಿದ್ಧಮಾಡಲಿ, ಆಮೇಲೆ ಅಪ್ಪಣೆಗೆ ಕಾಯಲಿ. ಕಾಯುವುದೂ ಉಣಿಸುವ ಕೆಲಸದ ಒಂದು ಭಾಗವೇ.